ಮೀನು ಬರಿಬಾಯಿ ಮೆಲ್ಲುವುದು ಏಕೆ

ಜಗತ್ತು ಇನ್ನೂ ಹೊಸ ಮಡಕೆಯ ಹಾಗೆ ಮಣ್ಣಿನ ವಾಸನೆ ಬೀರುತ್ತಿದ್ದ ಕಾಲ. ಯಾವ ಮರ ಯಾರದೆಂದು ಹಕ್ಕಿಗಳು ಇನ್ನೂ ಜಗಳವಾಡುತ್ತಿದ್ದವು. ಹೊಳೆಗಳಿಗೆ ಕಡಲಿನ ದಾರಿ ಗೊತ್ತಿರಲಿಲ್ಲ. ಚಳಿಗೆ ತನ್ನದು ಅಂತ ಒಂದು ಊರಿರಲಿಲ್ಲ.

ಊರಿಲ್ಲದ ಚಳಿಯವ್ವ ಊರೂರು ತಿರುಗುತ್ತಿದ್ದಳು. ಹೋದಲ್ಲಿ ಎರಡು ತಿಂಗಳು ಇರುತ್ತಿದ್ದಳು, ಮರದ ಎಲೆ ಉದುರಿಸುತ್ತಿದ್ದಳು, ಜನರ ಹಲ್ಲು ಕಟಕಟ ಅನ್ನಿಸುತ್ತಿದ್ದಳು, ಮುಂದಿನ ಊರಿಗೆ ನಡೆಯುತ್ತಿದ್ದಳು.

ಅಂಥ ಒಂದು ಊರಿನಲ್ಲಿ ದುಂಡವ್ವ ಎಂಬ ಮುದುಕಿ ಇದ್ದಳು. ಅವಳ ಮನೆಯಿಂದ ಯಾರೂ ಹಸಿದು ಹೋದದ್ದಿಲ್ಲ. ಮರೆಯಬಾರದ್ದನ್ನೆಲ್ಲ ಅವಳು ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದಿಡುತ್ತಿದ್ದಳು. ಕೋಳಿಗಳೆಷ್ಟು, ಮಳೆ ಬಂದ ದಿನಗಳೆಷ್ಟು, ಸೊಸೆ ಹೂವಕ್ಕ ತವರಿನಲ್ಲಿ ಉಳಿದ ದಿನಗಳೆಷ್ಟು, ಎಲ್ಲವೂ ಗೋಡೆಯ ಮೇಲಿತ್ತು.

ಒಂದು ದಿನ ಊರ ಹೊಳೆ ಹಿತ್ತಲ ಬಾಗಿಲಿಗೆ ಬಂದಿತು.

"ದುಂಡವ್ವಾ, ಕಡಲು ಅಂತ ಒಂದು ಎಲ್ಲೋ ಐತಂತ. ಹುಡುಕಾಕ ಹೊಂಟೀನಿ. ಕಲ್ಲುಮುಳ್ಳಿನ ದಾರಿ. ನನ್ನ ಮೀನಮಕ್ಕಳು ನಾ ಬರೂತನಾ ನಿನ್ನ ಹತ್ತಿರ ಇರಲಿ."

"ಎಷ್ಟು ಅದಾವ?"

"ಇಪ್ಪತ್ನಾಲ್ಕು."

ದುಂಡವ್ವ ಮೊದಲು ಗೋಡೆಯ ಮೇಲೆ ಇಪ್ಪತ್ನಾಲ್ಕು ಗೆರೆ ಎಳೆದಳು. ಆಮೇಲೆ ಅತ್ತೆ ಸೊಸೆ ಸೇರಿ ಹಿತ್ತಲಲ್ಲಿ ಎದೆಯಾಳದ ಕೊಳ ತೋಡಿದರು. ಹೊಳೆ ಅದಕ್ಕೆ ನೀರು ತುಂಬಿತು, ಮಕ್ಕಳನ್ನು ಬಿಟ್ಟಿತು, ಹೋಯಿತು.

ಬೇಸಿಗೆ ಕಳೆಯಿತು. ಮಳೆಗಾಲ ಕಳೆಯಿತು. ದುಂಡವ್ವ ಹೊತ್ತಿಗೆ ಸರಿಯಾಗಿ, ದಿನಕ್ಕೆ ಎರಡು ಸಲ ರೊಟ್ಟಿ ಮುರಿದು ಹಾಕಿದಳು. ಮೀನುಗಳು ಅವಳ ಹಾಗೆಯೇ ದುಂಡಗಾದವು.

"ಅತ್ತಿ, ನಿಮ್ಮನ್ನ ಬಿಟ್ರ ಬೀಸುಕಲ್ಲಿಗೂ ಎರಡು ರೊಟ್ಟಿ ಬಡಸ್ತೀರಿ" ಎಂದು ಹೂವಕ್ಕ ನಕ್ಕಳು.

"ಕೇಳಿದ್ರ ಬಡಸ್ತೀನಿ" ಎಂದಳು ದುಂಡವ್ವ.

ಆಮೇಲೆ ಚಳಿಯವ್ವ ಬಂದಳು. ಹಿತ್ತಲ ಕಟ್ಟೆಯ ಮೇಲೆ ಕುಳಿತು ಕೊಳವನ್ನು ನೋಡಿದಳು.

"ಅಕ್ಕಾ, ಈ ನೀರು ಬರಿಮೈಲೆ ಬಿದ್ದೈತಿ. ನನ್ನಿಂದ ಅದಕ್ಕ ತ್ರಾಸ ಆಗಬಾರದು. ಏನರೆ ಹೊದಸಬೇಕಲ್ಲ?"

ದುಂಡವ್ವ ತಾನು ಹೊಲಿಯುತ್ತಿದ್ದ ಕೌದಿಯನ್ನು ತಂದು ಹಾಸಿದಳು. ಹಳೆಯ ಸೀರೆಯ ತುಂಡುಗಳನ್ನು ಪದರ ಪದರವಾಗಿ ಸೇರಿಸಿದ ದಪ್ಪನೆಯ ಹೊದಿಕೆ ಅದು.

"ನೋಡು, ಅಂಚಿನಿಂದ ಶುರು ಮಾಡಬೇಕು. ಸುತ್ತ ಹೊಲಕೊಂತ ಒಳಗ ಬರಬೇಕು. ನಡುವ ಅಂಗೈಯಷ್ಟು ಬಿಡಬೇಕು. ಅದು ಕೌದಿ ಹೊಟ್ಟಿ. ಅದರಾಗ ಒಂದು ತುತ್ತು ಇಟ್ಟು ಆಮ್ಯಾಲೆ ಮುಚ್ಚಬೇಕು. ಹೊಟ್ಟಿ ತುಂಬೂತನಾ ಮುಚ್ಚಬಾರದು. ಹಸದ ಕೌದಿ ಯಾರನ್ನೂ ಬೆಚ್ಚಗ ಇಡೂದಿಲ್ಲ. ತಿಳೀತಿಲ್ಲೋ?"

"ತಿಳೀತು" ಎಂದಳು ಚಳಿಯವ್ವ. ಅವಳು ಒಳ್ಳೆಯ ಶಿಷ್ಯೆ.

ಅಂದೇ ಅವಳು ಕೊಳದ ಅಂಚಿನಿಂದ ಬಿಳಿಯ ಹೊಲಿಗೆ ಹಾಕತೊಡಗಿದಳು. ಮೊದಲ ದಿನ ಕಲ್ಲುಗಳ ಸುತ್ತ ತೆಳ್ಳಗಿನ ಮಂಜುಗಡ್ಡೆ. ಮೂರನೆಯ ದಿನ ಅದರ ಮೇಲೆ ಗುಬ್ಬಿ ನಡೆಯಿತು. ಏಳನೆಯ ದಿನಕ್ಕೆ ಇಡೀ ಕೊಳ ಬಿಳಿಯ ಕೌದಿ ಹೊದ್ದಿತ್ತು. ನಡುವೆ ಅಂಗೈಯಷ್ಟು ಮಾತ್ರ ನೀರು ಕಾಣುತ್ತಿತ್ತು. ಮೀನುಗಳು ತಳಕ್ಕೆ ಹೋಗಿ ಒಂದಕ್ಕೊಂದು ಒತ್ತಿ ಮಲಗಿದವು. ಅಲ್ಲಿ ನೀರು ಹೆಪ್ಪುಗಟ್ಟಿರಲಿಲ್ಲ.

ದುಂಡವ್ವ ಆ ಸಂದಿಯ ಮೇಲೆ ಬಾಗಿ ಕರೆದಳು. "ಊಟಕ್ಕ ಬರ್ರಿ."

ಎಲ್ಲಕ್ಕಿಂತ ಹಿರಿಯ ಮೀನಿನ ಹೆಸರು ಕೆಂಪಿ. ಅದು ನಿಧಾನವಾಗಿ ಮೇಲೆ ಬಂದಿತು.

"ಬ್ಯಾಡ ಯವ್ವಾ. ಚಳಿಗೆ ನಮ್ಮ ಹೊಟ್ಟಿ ಮಲಗೇತಿ. ತಿಂದದ್ದು ಕರಗೂದಿಲ್ಲ. ನಮಗ ಈಗ ಬೇಕಾದದ್ದು ಇಷ್ಟು ಗಾಳಿ ಮಾತ್ರ."

"ನನ್ನ ಮನ್ಯಾಗ ಉಪವಾಸ ಯಾರೂ ಮಲಗೂದಿಲ್ಲ" ಎಂದು ದುಂಡವ್ವ ಒಂದು ಇಡೀ ರೊಟ್ಟಿಯನ್ನು ಮುರಿದು ಹಾಕಿದಳು.

ಮೂರು ಸಣ್ಣ ಮೀನುಗಳು ಅವಳ ಮಾತು ಮೀರಲಾರದೆ ತಿಂದವು. ಉಳಿದ ರೊಟ್ಟಿ ತಳಕ್ಕಿಳಿದು ಕೊಳೆಯತೊಡಗಿತು.

ಕಟ್ಟೆಯ ಮೇಲಿಂದ ಚಳಿಯವ್ವ ಎಲ್ಲ ನೋಡಿದಳು. ತುತ್ತು ಒಳಗೆ ಹೋಯಿತು. ಹೊಟ್ಟೆ ತುಂಬಿತು. ಅವಳು ದಾರ ಎಳೆದು, ಸಂದಿ ಮುಚ್ಚಿ, ಗಂಟು ಹಾಕಿದಳು.

ಮುಂಜಾನೆ ನೋಡಿದರೆ ಸಂದಿಯೇ ಇಲ್ಲ. ಮಂಜುಗಡ್ಡೆಯ ಕೆಳಗೆ ಮೀನುಗಳು ಬಾಯಿ ತಾಗಿಸಿ ತಾಗಿಸಿ ಗಾಳಿ ಹುಡುಕುತ್ತಿದ್ದವು. ದುಂಡವ್ವ ಒನಕೆ ತಂದು ಒಂದೇಟು ಹಾಕಿದಳು. ಎರಡೇಟು ಹಾಕಿದಳು. ಗಾಳಿ ಬೇಲಿ ಹಾರಿ ಓಡಿ ಬಂದು ಕೂಗಿತು.

"ಬಡೀಬ್ಯಾಡ! ಕೆಳಗ ಸಿಡಿಲು ಬಿದ್ದಂಗ ಆಗಾಕತ್ತೈತಿ. ಮೀನು ಬೆಚ್ಚಿ ಬಿದ್ದಾವ!"

ದುಂಡವ್ವನ ಕೈ ನಿಂತಿತು.

ಹೂವಕ್ಕ ಒಳಗೆ ಹೋದಳು. ಒಲೆಯ ಮೇಲೆ ಕುದಿಯುತ್ತಿದ್ದ ನೀರಿನ ಚರಿಗೆಯನ್ನು ಸೆರಗಿನಲ್ಲಿ ಹಿಡಿದು ತಂದು ಮಂಜುಗಡ್ಡೆಯ ಮೇಲೆ ಇಟ್ಟಳು. ಚರಿಗೆ ಸದ್ದಿಲ್ಲದೆ ಇಳಿಯಿತು. ಎತ್ತಿದಾಗ ದುಂಡನೆಯ ಬಾಯಿ ತೆರೆದಿತ್ತು.

ಮೀನುಗಳು ಒಂದೊಂದಾಗಿ ಬಂದು ಉಸಿರು ತೆಗೆದುಕೊಂಡವು. ದುಂಡವ್ವ ಎಣಿಸಿದಳು. ಇಪ್ಪತ್ತೊಂದು. ರೊಟ್ಟಿ ತಿಂದ ಮೂರು ಸಣ್ಣವು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಅವಳು ಒಳಗೆ ಹೋಗಿ ಮೂರು ಗೆರೆಗಳ ಮೇಲೆ ಅಡ್ಡಗೆರೆ ಎಳೆದು ಬಂದಳು. ಆಮೇಲೆ ಚಳಿಯವ್ವನ ಎದುರು ನಿಂತಳು.

"ಯಾಕ ಮುಚ್ಚಿದಿ?"

"ನೀನ ಕಲಿಸಿದ್ದಿ, ಅಕ್ಕಾ. ಹೊಟ್ಟಿ ತುಂಬಿದ ಮ್ಯಾಲೆ ಮುಚ್ಚಬೇಕಂತ. ನಾನು ಕಣ್ಣಾರೆ ನೋಡೀನಿ. ಒಂದು ತುತ್ತಲ್ಲ, ಇಡೀ ರೊಟ್ಟಿ."

ದುಂಡವ್ವ ತೆರೆದ ಸಂದಿಯ ಕಡೆ ನೋಡಿದಳು.

"ತುಂಬದಿದ್ರ?"

"ತುಂಬದಿದ್ರ ಸೂಜಿ ಹಿಡಕೊಂಡು ಹಿಂಗ ಕುಂದರತೀನಿ. ಕಲಿಸಿದ್ದು ಮೀರೂದಿಲ್ಲ."

ಅಂದಿನಿಂದ ಆ ಸಂದಿಗೆ ಒಂದು ತುಣುಕೂ ಬೀಳಲಿಲ್ಲ. ಕೊಳದ ಒಂದು ಕಡೆ ಸೂಜಿ ಹಿಡಿದ ಚಳಿಯವ್ವ, ಇನ್ನೊಂದು ಕಡೆ ಸೆರಗಿನಲ್ಲಿ ರೊಟ್ಟಿ ಕಟ್ಟಿಕೊಂಡ ದುಂಡವ್ವ. ರೊಟ್ಟಿ ದಿನಾ ಬರುತ್ತಿತ್ತು, ದಿನಾ ವಾಪಸು ಹೋಗುತ್ತಿತ್ತು. ನಾಲ್ಕನೆಯ ದಿನಕ್ಕೆ ದುಂಡವ್ವನೇ ಉಣ್ಣುವುದನ್ನು ಬಿಟ್ಟಳು.

ಆಗ ಹೂವಕ್ಕ ಸಂದಿಯ ಹತ್ತಿರ ಬಾಗಿ ಹೇಳಿದಳು. "ಕೆಂಪಿ, ನಿಮ್ಮ ಹೊಟ್ಟಿ ಮಲಗಿದ್ರ ಮಲಗಲಿ. ನಮ್ಮ ಅತ್ತಿ ಹೊಟ್ಟಿ ಮಲಗಿಲ್ಲ. ನೀವು ಉಣ್ಣೂತನಾ ಆಕಿ ಉಣ್ಣೂದಿಲ್ಲ. ಏನರೆ ಮಾಡ್ರಿ."

ಮರುದಿನ ದುಂಡವ್ವ ಬಾಗಿ ನೋಡಿದಳು. ತಳದಲ್ಲಿ ಮಲಗಿದಲ್ಲಿಯೇ ಇಪ್ಪತ್ತೊಂದು ಬಾಯಿಗಳು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ತೆರೆಯುತ್ತಿದ್ದವು, ಮುಚ್ಚುತ್ತಿದ್ದವು.

"ಏನು ತಿನ್ನಾಕತ್ತೀರಿ?"

"ನೀ ತಂದದ್ದು, ಯವ್ವಾ" ಎಂದಿತು ಕೆಂಪಿ.

ರೊಟ್ಟಿ ಅವಳ ಸೆರಗಿನಲ್ಲೇ ಇತ್ತು. ದುಂಡವ್ವ ಅದನ್ನೊಮ್ಮೆ ಮುಟ್ಟಿ ನೋಡಿದಳು.

"ಉಪ್ಪು ಸಾಕೇನು?"

"ಸಾಕು, ಯವ್ವಾ."

"ಸಾವಕಾಶ ತಿನ್ರಿ."

ಅವಳು ರೊಟ್ಟಿ ಬಿಚ್ಚಿ ಅರ್ಧ ಹೂವಕ್ಕನಿಗೆ ಕೊಟ್ಟಳು, ಅರ್ಧ ತಾನು ತಿಂದಳು.

ಹೀಗೆ ನಲವತ್ತೊಂಬತ್ತು ದಿನ. ಐವತ್ತನೆಯ ದಿನ ಚಳಿಯವ್ವ ಸೂಜಿಯನ್ನು ತುರುಬಿಗೆ ಸಿಕ್ಕಿಸಿಕೊಂಡು ಎದ್ದು ಹೋದಳು. ಬಿಳಿಯ ಕೌದಿ ಕರಗಿತು. ಕಡಲು ಕಂಡ ಹೊಳೆ ಹಿತ್ತಲ ಬಾಗಿಲಿಗೆ ಬಂದಿತು.

ದುಂಡವ್ವ ಅದನ್ನು ಮೊದಲು ಗೋಡೆಯ ಹತ್ತಿರ ಕರೆದೊಯ್ದಳು. "ಇಪ್ಪತ್ನಾಲ್ಕು ಕೊಟ್ಟಿದ್ದಿ. ಇಪ್ಪತ್ತೊಂದು ಅದಾವ. ಈ ಮೂರು ನನ್ನ ಕೈಯಾಗ ಹೋದವು. ಬ್ಯಾಡ ಅಂದ್ರೂ ತಿನ್ನಿಸಿದೆ."

ಹೊಳೆ ಆ ಮೂರು ಗೆರೆಗಳನ್ನು ಬಹಳ ಹೊತ್ತು ನೋಡಿತು.

"ಅಳಿಸಬ್ಯಾಡ" ಎಂದಿತು.

ಮಕ್ಕಳನ್ನು ಕರೆದುಕೊಂಡು ಹೊರಟಾಗ ಅದು ತಿರುಗಿ ಕೇಳಿತು. "ಇವು ಏನು ಮೆಲ್ಲಾಕತ್ತಾವ?"

"ನಮ್ಮ ಅತ್ತಿ ರೊಟ್ಟಿ" ಎಂದಳು ಹೂವಕ್ಕ.

ಆ ರೂಢಿ ಮತ್ತೆ ಬಿಡಲಿಲ್ಲ. ಇಪ್ಪತ್ತೊಂದು ಮೀನುಗಳು ಅದನ್ನು ತಮ್ಮ ಮಕ್ಕಳಿಗೆ ಕಲಿಸಿದವು, ಮಕ್ಕಳು ಮೊಮ್ಮಕ್ಕಳಿಗೆ ಕಲಿಸಿದವು, ಕಡಲಿನವರೆಗೂ ಸುದ್ದಿ ಹೋಯಿತು.

ಚಳಿಯವ್ವನಿಗೆ ಆಮೇಲೆ ಬಡಗಣ ಬೆಟ್ಟಗಳ ಆಚೆ ಒಂದು ಊರು ಸಿಕ್ಕಿತು. ಅಲ್ಲಿನ ಹಿತ್ತಲ ಕೊಳಗಳಿಗೆ ಅವಳು ಈಗಲೂ ಅಂಚಿನಿಂದಲೇ ಹೊಲಿಗೆ ಶುರು ಮಾಡುತ್ತಾಳೆ, ನಡುವನ್ನು ಕೊನೆಗೆ ಮುಚ್ಚುತ್ತಾಳೆ. ಅಲ್ಲಿನ ತಿಳಿದವರು ಆ ದಿನಗಳಲ್ಲಿ ಮೀನಿಗೆ ಏನೂ ಹಾಕುವುದಿಲ್ಲ, ಮಂಜುಗಡ್ಡೆಯನ್ನು ಬಡಿಯುವುದಿಲ್ಲ, ಬಿಸಿ ಪಾತ್ರೆ ಇಟ್ಟು ಬಾಯಿ ತೆರೆಯುತ್ತಾರೆ.

ನಮ್ಮ ಕಡೆ ಕೊಳಗಳು ಹೆಪ್ಪುಗಟ್ಟುವುದಿಲ್ಲ. ಆದರೆ ಕೆರೆಯ ಮೆಟ್ಟಿಲಲ್ಲಿ ಕುಳಿತು ನೋಡು, ನೀನು ಮಂಡಕ್ಕಿ ಎಸೆಯುವ ಮೊದಲೇ ಮೀನು ಬಾಯಿ ತೆರೆಯುತ್ತ ಮುಚ್ಚುತ್ತ ಇರುತ್ತದೆ, ತನ್ನ ಊಟ ಆಯಿತೆಂದು ಇವತ್ತಿಗೂ ದುಂಡವ್ವನಿಗೆ ಹೇಳುತ್ತ.