ಬೆಳ್ಳ ದುರ್ಬೀನು ತಂದದ್ದು

ಹ್ಞೂಂಗುಟ್ಟೋರು ಮುಂದಕ್ಕೆ ಬನ್ನಿ, ತೂಕಡಿಸೋರು ಗೋಡೆಗೆ ಒರಗಿಕೊಳ್ಳಿ. ಕಾಡಂಚಿನಲ್ಲಿ ಒಂದೂರು. ಆ ಊರಲ್ಲಿ ಚೆನ್ನಾಜಮ್ಮ ಅಂತ ಒಬ್ಬಳು ವಿಧವೆ. ಅವಳಿಗೆ ಬೆಳ್ಳ ಅಂತ ಒಬ್ಬನೇ ಮಗ. ಆಳು ನೋಡಿದರೆ ಆಲದ ಮರ, ಬುದ್ಧಿ ನೋಡಿದರೆ ಬಿತ್ತದ ಹೊಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಬಾಗಿಲು ನೋಡಿಕೊ ಅಂದರೆ ಬಾಗಿಲನ್ನೇ ನೋಡುತ್ತಾ ಕೂರುವನು. ಬೆಕ್ಕು ಬಂದು ಕೋಳಿಮರಿ ಕಚ್ಚಿಕೊಂಡು ಹೋದರೂ ಅತ್ತ ತಿರುಗನು. ಬೈದರೆ, ಬಾಗಿಲು ಎಲ್ಲಿಗೂ ಹೋಗಿಲ್ಲವಲ್ಲ ಅಂತ ಎದುರಾಡುವನು. ತಪ್ಪು ಮಾಡಿದೆ ಅಂತ ತಲೆ ತಗ್ಗಿಸಿದ್ದು ಹುಟ್ಟಿದಾಗಿನಿಂದ ಇಲ್ಲ.

ಬೆಳ್ಳನ ಅಪ್ಪ ಬದುಕಿದ್ದಾಗ ಊರಿನ ಬೇಟೆಗೆ ನೋಟಗಾರ. ಗುಡ್ಡದ ತಪ್ಪಲಲ್ಲಿ ಒಂದು ಎತ್ತರದ ಬಂಡೆ. ಅದರ ಮೇಲೆ ನಿಂತು, ಕಾಡುಹಂದಿ ಯಾವ ಕಂಡಿಯಿಂದ ಇಳಿಯುತ್ತೆ ಅಂತ ಕೂಗಿ ಹೇಳುವುದು ಅವನ ಕೆಲಸ. ಅದಕ್ಕೆ ಬೇಟೆಯಲ್ಲಿ ಮೊದಲ ಪಾಲು, ಬಂಡೆಯ ಬುಡದಲ್ಲಿ ಉಣ್ಣೋಕೆ ಒಂದು ತುಂಡು ಹೊಲ. ಅವನು ತೀರಿಕೊಂಡ ಮೇಲೆ ಆ ಕೆಲಸ, ಆ ಹೊಲ ಬೆಳ್ಳನಿಗೆ ಬರಬೇಕಿತ್ತು, ಆದರೆ ಪಟೇಲ ಜವನಪ್ಪನ ಕಣ್ಣು ಹೊಲದ ಮೇಲೆ ಬಿತ್ತು. ತನ್ನ ಭಾಮೈದ ರಾಚನನ್ನು ಬಂಡೆ ಹತ್ತಿಸಬೇಕು ಅಂತ ಅವನ ಆಸೆ. ಆ ವರ್ಷ ಹಂದಿಗಳ ಕಾಟವೂ ಹೆಚ್ಚು, ರಾಗಿ ಹೊಲವೆಲ್ಲ ಉತ್ತಿಟ್ಟ ಹಾಗೆ ಆಗಿತ್ತು. ಊರವರು ಸೇರಿ, ನೋಟಗಾರನಿಗೆ ಒಂದು ದುರ್ಬೀನು ತರಿಸೋಣ ಅಂತ ಮಾತಾಡಿದರು. ಪಟೇಲ ನಕ್ಕ. ಒಳ್ಳೇ ದುರ್ಬೀನು ಯಾವುದು, ಕೆಟ್ಟದ್ದು ಯಾವುದು ಅಂತ ಆ ಪೆದ್ದನಿಗೆ ಗೊತ್ತೇ, ರಾಚ ಹೋಗಿ ತರಲಿ, ತಂದವನೇ ಬಂಡೆ ಹತ್ತಲಿ ಅಂದ.

ಚೆನ್ನಾಜಮ್ಮ ಚಾವಡಿ ಕಂಬ ಹಿಡಿದು ಎದ್ದು ನಿಂತಳು. "ನನ್ನ ಗಂಡ ದೊರೆಗಳ ಶಿಕಾರಿಗೆ ದುರ್ಬೀನು ಹೊತ್ತವನು ಪಟೇಲ್ರೇ. ನನ್ನ ಮಗನೇ ಹೋಯ್ತಾನೆ, ನನ್ನ ಮಗನೇ ತತ್ತಾನೆ."

ಹೇಳಿದ್ದೇನೋ ಹೇಳಿಬಿಟ್ಟಳು. ಮನೆಗೆ ಬಂದು ಎದೆ ಹಿಡಿದುಕೊಂಡು ಕೂತಳು. ಆಮೇಲೆ ಮಗನಿಗೆ ಬುತ್ತಿ ಕಟ್ಟಿಕೊಟ್ಟು, ಪೇಟೆಯಲ್ಲಿ ಗಡಿಯಾರ, ಕನ್ನಡಕ ಮಾರುವ ರಹಮತ್ ಸಾಬರ ಅಂಗಡಿಗೆ ಹೋಗು ಅಂದಳು. ಸುಮ್ಮನೆ ಕೊಟ್ಟದ್ದನ್ನು ತರಬೇಡ, ಕಣ್ಣಿಗಿಟ್ಟು ನೋಡು, ದೂರದಲ್ಲಿರೋದು ಕಣ್ಣಿಗೆ ಹತ್ತಿರ ಕಾಣಬೇಕು, ಕಂಡರೆ ತಗೊ, ಕಾಣದಿದ್ದರೆ ಬಿಡು ಅಂತ ಹೇಳಿ ಕಳಿಸಿದಳು.

ಬೆಳ್ಳ ಹೋದ. ಸಾಬರು ಒಳ್ಳೆಯವರು, ಒಂದೊಂದೇ ದುರ್ಬೀನು ತೆಗೆದು ಕೈಗೆ ಕೊಟ್ಟರು. ಬೆಳ್ಳ ಒಂದೊಂದನ್ನೂ ಕಣ್ಣಿಗಿಟ್ಟು ನೋಡಿದ. ತಲೆ ಅಲ್ಲಾಡಿಸಿ ವಾಪಸ್ಸು ಕೊಟ್ಟ. ಎದುರು ಬೀದಿಯ ಗೋಪುರ ಕಾಣಿಸುತ್ತದಲ್ಲಪ್ಪ, ಅದರ ಮೇಲಿನ ಪಾರಿವಾಳದ ಕಣ್ಣು ಕೂಡ ಕಾಣಿಸುತ್ತದಲ್ಲ ಅಂತ ಸಾಬರು ಕೇಳಿದರು. ಪಾರಿವಾಳ ಕಾಣುತ್ತೆ, ಆದರೆ ಬೇಡ ಅಂದ ಬೆಳ್ಳ. ಬರಿಗೈಲಿ ಊರಿಗೆ ಬಂದ.

ಯಾಕೋ ತರಲಿಲ್ಲ ಅಂತ ಅವ್ವ ಕೇಳಿದಳು.

"ದೂರದಲ್ಲಿರೋದು ಕಾಣ್ಬೇಕು ಅಂದ್ಯಲ್ಲವ್ವ. ನೀನು ದೂರದಲ್ಲಿದ್ದೆ. ಯಾವುದ್ರಲ್ಲೂ ನೀನು ಕಾಣ್ನಿಲ್ಲ. ಅಂಥ ಸುಳ್ಳು ದುರ್ಬೀನು ನಂಗ್ಯಾಕೆ?"

ಚೆನ್ನಾಜಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಡುವೆ ಗುಡ್ಡ ಇದೆ, ಮರ ಇದೆ, ನಾನೆಲ್ಲಿಂದ ಕಾಣಲಿ ಅಂತ ಬೈದಳು. ಆಮೇಲೆ ಗಂಡ ಹೇಳುತ್ತಿದ್ದದ್ದನ್ನು ನೆನಪಿಸಿಕೊಂಡು ಬುದ್ಧಿ ಹೇಳಿದಳು. ಹಂದಿ ಹೊರಡುವುದು ಹೊತ್ತು ಮುಳುಗೋ ಮಬ್ಬಿನಲ್ಲಿ. ಅದಕ್ಕೆ ಗಾಜು ದೊಡ್ಡದಿರಬೇಕು. ಗಾಜು ದೊಡ್ಡದಿದ್ದಷ್ಟೂ ಮಬ್ಬಿನಲ್ಲಿ ಬೆಳಕು ಜಾಸ್ತಿ. ಬೇರೇನೂ ನೋಡಬೇಡ, ದೊಡ್ಡ ಗಾಜು, ಒಳ್ಳೆ ಬೆಳಕು, ಅಷ್ಟು ನೋಡಿ ತಗೊಂಡು ಬಾ.

ಬೆಳ್ಳ ಮತ್ತೆ ಹೋದ. ದಾರಿಯುದ್ದಕ್ಕೂ ದೊಡ್ಡ ಗಾಜು, ಒಳ್ಳೆ ಬೆಳಕು, ದೊಡ್ಡ ಗಾಜು, ಒಳ್ಳೆ ಬೆಳಕು ಅಂತ ಜಪ ಮಾಡಿಕೊಂಡು ಹೋದ. ಸಂಜೆಗೆ ಎದೆ ಉಬ್ಬಿಸಿಕೊಂಡು ಬಂದ. ಕೈಯಲ್ಲಿ ಒಂದು ಲಾಟೀನು.

ಬೀದಿಯವರೆಲ್ಲ ನೋಡಿ ನಕ್ಕರು. ರಾಚನಂತೂ ಜಗಲಿ ಮೇಲೆ ಬಿದ್ದು ಉರುಳಾಡಿದ. ಬೆಳ್ಳ ಲಾಟೀನು ಹಚ್ಚಿ ಎಲ್ಲರ ಮುಖಕ್ಕೂ ಹಿಡಿದು, ಸಾಬರ ಅಂಗಡಿಯಲ್ಲಿದ್ದ ಎಲ್ಲ ಗಾಜಿಗಿಂತ ಇದು ದೊಡ್ಡದು, ಬೆಳಕು ನೋಡಿ ಅಂದ. ಚೆನ್ನಾಜಮ್ಮ ಮಗನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಬಾಗಿಲು ಹಾಕಿಕೊಂಡು ಬಾಯಿಗೆ ಬಂದ ಹಾಗೆ ಬೈದಳು. ಆಮೇಲೆ ಬಾಗಿಲು ತೆಗೆದು ಬೀದಿಗೆ ಬಂದು, ನನ್ನ ಮನೆಗೆ ಲಾಟೀನು ಬೇಕಿತ್ತು, ತರಿಸಿದೆ, ನಿಮಗೇನು ಕಷ್ಟ ಅಂತ ರಾಚನನ್ನು ಕೇಳಿದಳು. ರಾಚ ಎದ್ದು ಒಳಗೆ ಹೋದ.

ಮಾರನೆಯ ದಿನ ಲಾಟೀನು ಕೊಂಡ ಅಂಗಡಿಗೇ ವಾಪಸ್ಸು ಹೋಯಿತು. ಈ ಸಲ ಅವ್ವ ಒಂದೊಂದು ಮಾತೂ ಬಿಡಿಸಿ ಹೇಳಿದ್ದಳು. ಎರಡು ಕೊಳವೆ ಇರಬೇಕು, ಎರಡು ಕಣ್ಣಿಗೂ ಸೇರಿ ಒಂದೇ ದುಂಡಾಗಿ ಕಾಣಬೇಕು. ಕುತ್ತಿಗೆಗೆ ಹಾಕಿಕೊಂಡರೆ ಭಾರ ಅನ್ನಿಸಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಮಂಜಿಗೆ ಮಳೆಗೆ ನೀರು ಒಳಕ್ಕೆ ಹೋಗಬಾರದು. ನೀರು ಒಳಕ್ಕೆ ಹೋದರೆ ದುರ್ಬೀನು ಕುರುಡಾಗುತ್ತೆ. ಹೇಗಾದರೂ ಮಾಡಿ ನೀರು ಹೋಗದಂಥದ್ದು ತರಬೇಕು.

ಇದನ್ನೆಲ್ಲ ಬೆಳ್ಳ ಒಪ್ಪಿಸಿದ ಕೂಡಲೇ ಸಾಬರು ಇಂಥ ಗಿರಾಕಿಯೇ ಅಪರೂಪ ಅಂತ ಸಂತೋಷಪಟ್ಟರು. ಒಳಗಿನಿಂದ ಒಳ್ಳೆ ಜರ್ಮನಿ ದುರ್ಬೀನು ತೆಗೆದು, ತೊಗಲಿನ ಪಟ್ಟಿ ಹಾಕಿ, ಮುಂದಿನ ಗಾಜಿಗೆ ತೊಗಲಿನ ಮುಚ್ಚಳ ತೊಡಿಸಿ ಅವನ ಕುತ್ತಿಗೆಗೆ ತಾವೇ ಹಾಕಿದರು. ಬೆಳ್ಳ ಮುಚ್ಚಳ ತೆಗೆದು ನೋಡಿದ. ಒಂದೇ ದುಂಡಾಗಿ ಕಂಡಿತು. ಭಾರ ಇರಲಿಲ್ಲ. ಹೊರಟ. ಅರ್ಧ ದಾರಿಯಲ್ಲಿ ಮೋಡ ಕವಿಯಿತು.

ಮನೆಗೆ ಬಂದಾಗ ಬೆಳ್ಳ ಪೂರ್ತಿ ನೆಂದಿದ್ದ. ದುರ್ಬೀನು ಮಾತ್ರ ನೆಂದಿರಲಿಲ್ಲ. ದಾರಿ ಬದಿಯ ಹಲಸಿನ ಕಾಯಿ ಕೊಯ್ದು, ಅದರ ಅಂಟನ್ನು ದುರ್ಬೀನಿನ ಹಿಂದೆ ಮುಂದೆ ಮೇಲೆ ಕೆಳಗೆ ಮೆತ್ತಿ, ಮೇಲೊಂದಿಷ್ಟು ಪಕ್ಕದ ಹೊಲದ ಹತ್ತಿ ಅಂಟಿಸಿ ತಂದಿದ್ದ. ನೋಡುವುದಕ್ಕೆ ಕುರಿಮರಿಯ ಹಾಗಿತ್ತು. ಒಂದು ಹನಿ ನೀರೂ ಹೋಗಿಲ್ಲ, ಬೇಕಾದರೆ ನೋಡು ಅಂತ ಅವ್ವನ ಮುಂದೆ ಹಿಡಿದ.

ಚೆನ್ನಾಜಮ್ಮ ರಾತ್ರಿ ಅಡುಗೆ ಬಿಟ್ಟು ಎಣ್ಣೆ ಬಟ್ಟೆ ಹಿಡಿದು ಕೂತಳು. ತಿಕ್ಕಿದಳು, ಬೈದಳು, ಮತ್ತೆ ತಿಕ್ಕಿದಳು. ಕಡೆಗೆ ಬೆಳಗಾಗುವ ಹೊತ್ತಿಗೆ ಗಾಜು ಹೊಳೆಯಿತು. ಅವಳೇ ಕಣ್ಣಿಗಿಟ್ಟು ನೋಡಿದಳು. ಬೀದಿಯ ಆ ತುದಿಯಲ್ಲಿ ಪಟೇಲನ ಮನೆ ಬಾಗಿಲ ಕೆತ್ತನೆಯ ಹೂವು ಎಸಳೆಸಳಾಗಿ ಕಂಡಿತು. ಒಳ್ಳೇ ದುರ್ಬೀನು. ಗಂಡ ಹೊತ್ತದ್ದಕ್ಕಿಂತ ಒಳ್ಳೇದು. ನೋಡಿದ್ದಾದ ಮೇಲೆ ಗಾಜಿಗೆ ಮುಚ್ಚಳ ಹಾಕಿಡೋದು ಮರೀಬೇಡ, ಇನ್ನು ಬೇಟೆಯಲ್ಲಿ ಪಟೇಲರು ಹೇಳಿದ ಹಾಗೆ ನಡ್ಕೊ ಅಂದಳು. ಆ ಮಾತು ಯಾಕಾದರೂ ಅಂದಳೋ.

ಬೇಟೆಯ ದಿನ ಬೆಳ್ಳ ಬಂಡೆ ಹತ್ತಿದ. ಪಟೇಲ ಕೋವಿ ಹಿಡಿದು ಬಂಡೆಯ ಕೆಳಗೆ ಹುಣಸೆ ಮರದ ಪಕ್ಕ ನಿಂತ, ಉಳಿದ ಕೋವಿಯವರು ದೂರ ದೂರ ನಿಂತರು. ಹಂದಿ ಸೋವಿ ಎಬ್ಬಿಸುವವರು ತಮಟೆ ಹಿಡಿದು ಕಾಡಿನೊಳಕ್ಕೆ ಹೋದರು. ಹೆಂಗಸರು ಹೊಲದ ಬದುವಿನ ಮೇಲೆ ಬುತ್ತಿ ಇಟ್ಟುಕೊಂಡು ಕೂತರು. ಅವರ ನಡುವೆ ಚೆನ್ನಾಜಮ್ಮ ಸೆರಗು ಬಿಗಿದುಕೊಂಡು ಮಗನನ್ನೇ ನೋಡುತ್ತಿದ್ದಳು. ಪಟೇಲ ಅಪ್ಪಣೆ ಕೊಟ್ಟ: ಹಂದಿ ಹತ್ತಿರಕ್ಕೆ ಬಂದ ಕೂಡಲೇ ಕೂಗು, ಅಲ್ಲೀವರೆಗೂ ಬಾಯಿ ಬಿಡಬೇಡ.

ಬೆಳ್ಳ ದುರ್ಬೀನು ಕಣ್ಣಿಗಿಟ್ಟ. ಆಚೆ ಗುಡ್ಡದ ನೆತ್ತಿಯಲ್ಲಿ ಹಂದಿಗಳ ಹಿಂಡು. ದುರ್ಬೀನಿನಲ್ಲಿ ಅವು ಅವನ ಮೂಗಿಗೆ ಮೂಗು ತಾಗಿಸಿ ನಿಂತಿವೆ.

"ಬಂದ್ವು ಬುದ್ಧಿ! ಇಲ್ಲೇ ಅವೆ, ನನ್ನ ಮೂಗಿನ ಮುಂದೆ!"

ಕೆಳಗಿದ್ದವರೆಲ್ಲ ಬೆಚ್ಚಿ ಸಿಕ್ಕ ಸಿಕ್ಕ ಪೊದೆಗೆ ಗುಂಡು ಹಾರಿಸಿದರು. ಆ ಸದ್ದಿಗೆ ಆಚೆ ಗುಡ್ಡದ ಹಂದಿಗಳು ಬಾಲ ಎತ್ತಿಕೊಂಡು ಆಚೆಯಾಚೆಗೆ ಹೋದವು. ಪಟೇಲ ಬಂಡೆ ಹತ್ತಿ ಬಂದು ಮುಖಕ್ಕೆ ಉಗಿಯುವ ಹಾಗೆ ಬೈದ. ದುರ್ಬೀನಿನಲ್ಲಿ ಹತ್ತಿರ ಅಂದರೆ ನಿಜವಾಗಿ ದೂರ ಕಣೋ ಪೆದ್ದೇ, ತಿರುಗಾಮುರುಗಾ ಮಾಡಿಕೊಂಡು ನೋಡೋದು ಕಲಿ ಅಂದ. ನೀವು ಹತ್ತಿರ ಬಂದರೆ ಕೂಗು ಅಂದ್ರಿ, ಕೂಗಿದೆ, ಅದರಲ್ಲಿ ತಪ್ಪೇನು ಅಂತ ಬೆಳ್ಳ ಕೇಳಿದ. ಆದರೂ ಹೇಳಿದ ಹಾಗೆ ದುರ್ಬೀನನ್ನು ತಿರುಗಾಮುರುಗಾ ಮಾಡಿಕೊಂಡ. ಕಣ್ಣಿಗಿಡುವ ಕಡೆ ಆಚೆಗೆ, ದೊಡ್ಡ ಗಾಜು ಕಣ್ಣಿಗೆ.

ಮತ್ತೆ ತಮಟೆ ಬಡಿದರು. ಈ ಸಲ ಲಂಟಾನ ಪೊದೆ ಸೀಳಿಕೊಂಡು ಒಂದು ಒಂಟಿ ಹಂದಿ ಬಂತು. ಕೋರೆ ಅಂದರೆ ಕುಡುಗೋಲು. ನೇರವಾಗಿ ಬಂಡೆಯ ಬುಡಕ್ಕೇ ಬರುತ್ತಿದೆ. ಬದುವಿನ ಮೇಲಿದ್ದ ಹೆಂಗಸರು ಎದ್ದು ನಿಂತರು. ಹಂದಿ ಎಲ್ಲಿದೆಯೋ ಅಂತ ಪಟೇಲ ಕೆಳಗಿನಿಂದ ಕೇಳಿದ.

"ತುಂಬ ದೂರದಲ್ಲದೆ ಬುದ್ಧಿ. ಇರುವೆಯಷ್ಟದೆ. ನಿಧಾನವಾಗಿ ಎಲೆ ಅಡಿಕೆ ಹಾಕ್ಕೊಳ್ಳಿ."

ಪಟೇಲ ಕೋವಿಯನ್ನು ಮರಕ್ಕೆ ಒರಗಿಸಿ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಬೆನ್ನ ಹಿಂದೆ ಗುಟುರು ಕೇಳಿಸಿತು. ತಿರುಗಿ ನೋಡಿದವನು ಕೋವಿ ಬಿಟ್ಟ, ಎಲೆ ಬಿಟ್ಟ, ರುಮಾಲು ಬಿಟ್ಟ, ಹುಣಸೆ ಮರ ಹತ್ತಿಬಿಟ್ಟ. ಹಂದಿ ಅವನು ಬಿಟ್ಟ ವೀಳ್ಯದೆಲೆಯನ್ನು ಮೂಸಿ ನೋಡಿ, ಅಲ್ಲೇ ಬುಡದಲ್ಲಿ ಮಣ್ಣು ಕೆದಕುತ್ತಾ ನಿಂತಿತು. ಸೊಪ್ಪಿನ ಮರೆಯಲ್ಲಿ ಪಟೇಲನಿಗೆ ಕೆಳಗಿನದು ಕಾಣದು. ಬಹಳ ಹೊತ್ತು ತಡೆದ. ಕೊಂಬೆಯ ಇರುವೆಗಳು ಕಚ್ಚತೊಡಗಿದ ಮೇಲೆ, ಹೋಯಿತಾ ನೋಡಿ ಹೇಳೋ ಅಂತ ಕೂಗಿದ.

ಬೆಳ್ಳ ಶ್ರದ್ಧೆಯಿಂದ ನೋಡಿದ. ಇನ್ನೂ ದೂರದಲ್ಲಿದೆ, ಇಳಿಯಿರಿ ಅಂದ.

ಪಟೇಲ ಇಳಿದ. ಇಳಿದದ್ದು ಹಂದಿಯ ಬೆನ್ನ ಮೇಲೆ.

ಆಮೇಲೆ ಆದದ್ದನ್ನು ಆ ಊರಲ್ಲಿ ಈಗಲೂ ಹೇಳುತ್ತಾರೆ. ಹಂದಿ ರಾಗಿ ಹೊಲದ ಉದ್ದಕ್ಕೂ ಓಡಿತು, ಪಟೇಲ ಅದರ ಕಿವಿ ಹಿಡಿದುಕೊಂಡು ಬೆನ್ನ ಮೇಲೇ ಹೋದ. ಕೋವಿಯವರು ಹಂದಿಗೆ ಗುರಿ ಇಟ್ಟರೆ ಪಟೇಲ ಕಾಣುತ್ತಾನೆ, ಪಟೇಲನನ್ನು ತಪ್ಪಿಸಿ ಗುರಿ ಇಟ್ಟರೆ ಹಂದಿ ಸಿಗದು. ಕಡೆಗೆ ಹಂದಿ ಅವನನ್ನು ಕೆರೆಯ ಕೆಸರಿಗೆ ಎಸೆದು ಕಾಡಿಗೆ ಹೋಯಿತು. ಹೆಂಗಸರು ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡರು. ಚೆನ್ನಾಜಮ್ಮ ಮಾತ್ರ ನಗಲಿಲ್ಲ. ಹೊಲ ಹೋಯಿತು ಅಂತ ಅವಳಿಗೆ ಆಗಲೇ ಗೊತ್ತಾಗಿತ್ತು.

ಮಾರನೆ ಬೆಳಗ್ಗೆ ಚಾವಡಿಯಲ್ಲಿ ಪಂಚಾಯ್ತಿ. ಪಟೇಲ ಸೊಂಟಕ್ಕೆ ಪಟ್ಟು ಹಾಕಿಸಿಕೊಂಡು ಒಂದೇ ಮಗ್ಗುಲಲ್ಲಿ ಕೂತಿದ್ದ. ಪೆದ್ದನನ್ನು ಬಂಡೆಯಿಂದ ಇಳಿಸಿ, ರಾಚನನ್ನು ಹತ್ತಿಸಿ ಅಂದ. ಊರ ಯಜಮಾನ ಮಾದಯ್ಯ ಮುದುಕ. ಏನಮ್ಮ ಹೇಳ್ತೀಯ ಅಂತ ಚೆನ್ನಾಜಮ್ಮನನ್ನು ಕೇಳಿದ.

"ನನ್ನ ಮಗ ಪೆದ್ದನೇ ಯಜಮಾನ್ರೇ. ಹೆತ್ತೋಳು ನಾನು, ಆ ಮಾತು ನಾನು ಅಂತೀನಿ. ಬೇರೆಯವರು ಅನ್ನೋ ಹಾಗಿಲ್ಲ. ತಿರುಗಾಮುರುಗಾ ಮಾಡು ಅಂದೋರು ಪಟೇಲ್ರು, ಮಾಡಿದೋನು ಇವನು. ಇವನು ಕಂಡದ್ದನ್ನ ಕಂಡಂಗೆ ಹೇಳಿದ. ರಾಚಪ್ಪನೂ ಹಂಗೇ ಹೇಳ್ತಾನಾ? ಈಗ್ಲೇ ಹೇಳ್ಲಿ, ಕೇಳಾನ."

ಅದೂ ಸರಿಯೇ ಅಂದ ಮಾದಯ್ಯ. ಬೆಳ್ಳ ಕುತ್ತಿಗೆಯಿಂದ ದುರ್ಬೀನು ತೆಗೆದು ಕೊಟ್ಟ. ರಾಚ ಅದನ್ನು ಕಿತ್ತುಕೊಂಡು ಕಣ್ಣಿಗಿಟ್ಟು ಗುಡ್ಡದ ಕಡೆ ತಿರುಗಿದ. ಬಹಳ ಹೊತ್ತು ನೋಡಿದ.  ಆಮೇಲೆ ರಾಚ ಗತ್ತಿನಿಂದ ಹೇಳಿದ: ಗುಡ್ಡದ ಇಳಿಜಾರಲ್ಲಿ ಹಂದಿಗಳ ಹಿಂಡು, ಮುಂದೆ ಒಂದು ಕೋರೆ ಹಂದಿ, ಪಕ್ಕದಲ್ಲಿ ಜಿಂಕೆ ಕೂಡ ಮೇಯುತ್ತಿವೆ.

ಬೆಳ್ಳ ಹತ್ತಿರ ಹೋಗಿ ಅವನ ಮುಖವನ್ನೇ ಬಗ್ಗಿ ನೋಡಿದ.

"ಅಣ್ಣಾ, ಗಾಜಿಗೆ ಮುಚ್ಚಳ ಹಾಕದೆ. ಅವ್ವ ಹಾಕಿಡು ಅಂದಿದ್ಲು."

 ಮೊದಲು ಮಾದಯ್ಯನ ಹೊಟ್ಟೆ ಅಲುಗಾಡಿತು, ಮೀಸೆ ಅಲುಗಾಡಿತು, ಇಡೀ ಚಾವಡಿಯೇ ಅಲುಗಾಡಿತು. ಪಟೇಲ ನಗುವವರ ಕಡೆ ತಿರುಗಿ ನೋಡಹೋಗಿ ಸೊಂಟ ಉಳುಕಿ ಅಯ್ಯೋ ಅಂದ. ಕತ್ತಲಲ್ಲಿ ಜಿಂಕೆ ಕಾಣುವವನನ್ನು ನಂಬಿಕೊಂಡು ಕಾಡಿಗೆ ಹೋಗುವುದಕ್ಕಿಂತ, ಇರುವೆ ಕಂಡರೆ ಇರುವೆ ಅನ್ನುವವನೇ ಮೇಲು, ಯಾವ ತುದಿ ಕಣ್ಣಿಗೆ ಅಂತ ಅವನಿಗೊಂದು ಸಲ ತೋರಿಸಿಕೊಟ್ಟರಾಯಿತು ಅಂತ ಮಾದಯ್ಯ ತೀರ್ಮಾನ ಹೇಳಿದ. ಬಂಡೆ ಬೆಳ್ಳನದೇ ಆಯಿತು, ಹೊಲ ಅವ್ವನದೇ ಉಳಿಯಿತು.

ಚೆನ್ನಾಜಮ್ಮ ಬೀದಿಯ ನಟ್ಟ ನಡುವೆ, ಯಾರಿಗೂ ದಾರಿ ಬಿಡದೆ, ಮಗನ ಜೊತೆ ನಡೆದಳು. ಪಟೇಲನ ಮನೆ ಮುಂದೆ ಬಂದಾಗ ಬೇಕಂತಲೇ ಗಟ್ಟಿಯಾಗಿ ಬುದ್ಧಿ ಹೇಳಿದಳು. ಪಟೇಲನೇ ಹೇಳಲಿ, ಪಟೇಲನ ಅಪ್ಪನೇ ಹೇಳಲಿ, ಇನ್ನು ಮೇಲೆ ಯಾರ ಮಾತೂ ಕೇಳಬೇಡ. ಬೆಳ್ಳ ಹ್ಞೂಂ ಅಂದ. ಹ್ಞೂಂ ಅಂದವನೇ ಬಂಡೆ ಹತ್ತಿ ಕೂತ.

ಮಧ್ಯಾಹ್ನ ಅವ್ವ ಮುದ್ದೆ ಮಾಡಿ ಉಣ್ಣೋಕೆ ಕರೆದಳು. ಬರಲಿಲ್ಲ. ಬಂಡೆಯ ಬುಡಕ್ಕೆ ಬಂದು ಕರೆದಳು. ಅಲ್ಲಾಡಲಿಲ್ಲ. ಮಂಡಿ ಹಿಡಿದುಕೊಂಡು, ಶಾಪ ಹಾಕಿಕೊಂಡು ಬಂಡೆ ಹತ್ತಿ ಎದುರಿಗೇ ನಿಂತು, ಏಳೋ ಅಂದಳು.

"ಹಸಿವಾಯ್ತದೆ ಕಣವ್ವ. ಆದ್ರೂ ಏಳಾಕಿಲ್ಲ. ಯಾರ ಮಾತೂ ಕೇಳ್ಬೇಡ ಅಂದಿದ್ದೀಯ."

ಹೊಡೆಯೋಕೆ ಎತ್ತಿದ ಕೈ ಮೇಲೆಯೇ ನಿಂತಿತು. ಚೆನ್ನಾಜಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿದಳು. ಆಮೇಲೆ ಕೈ ಇಳಿಸಿ, ಹಂಗಾದ್ರೆ ಇಲ್ಲೇ ಇರು, ಮನೆಗೆ ಬರಬೇಡ, ಉಣ್ಣಲೂ ಬೇಡ ಅಂದಳು.

ಬೆಳ್ಳ ತಟ್ಟನೆ ಎದ್ದ. ಅವ್ವನಿಗಿಂತ ಮುಂಚೆ ಮನೆ ಸೇರಿದ. ತಣಿಗೆ ಎಳೆದುಕೊಂಡು ತನ್ನ ಮುದ್ದೆ ಉಂಡ, ಅವ್ವನ ಮುದ್ದೆಗೂ ಕೈ ಹಾಕಿದ. ಏದುಸಿರು ಬಿಡುತ್ತಾ ಬಂದ ಚೆನ್ನಾಜಮ್ಮ ಬಾಗಿಲಲ್ಲಿ ನಿಂತು, ಸಾಕು ಬಿಡೋ ಅಂದಳು.

ಬೆಳ್ಳ ಸಾರಿನ ಮಡಕೆಯನ್ನೂ ಹತ್ತಿರಕ್ಕೆ ಎಳೆದುಕೊಂಡ.