ಬಾಲಕ್ಕೆ ಸಿಕ್ಕ ಸ್ವಾತಂತ್ರ್ಯ

ಆಗ ಲೋಕ ಇನ್ನೂ ಹೊಚ್ಚ ಹೊಸದು. ಬೆಟ್ಟಗಳ ಮಣ್ಣು ಹಸಿಯಾಗಿತ್ತು. ಆಕಾಶಕ್ಕೆ ಬಳಿದ ನೀಲಿ ಮುಟ್ಟಿದರೆ ಕೈಗೆ ಅಂಟುತ್ತಿತ್ತು. ಎಲ್ಲರಿಗೂ ಮಾತು ಬರುತ್ತಿತ್ತು. ಹಲ್ಲಿಗೂ ಬರುತ್ತಿತ್ತು, ಹಲ್ಲಿಯ ಬಾಲಕ್ಕೂ ಬರುತ್ತಿತ್ತು. ಬಾಲಕ್ಕೆ ಸ್ವಲ್ಪ ಜಾಸ್ತಿಯೇ ಬರುತ್ತಿತ್ತು.

ಬೆಳಗಾಗೆದ್ದು ಶುರು ಮಾಡುತ್ತಿತ್ತು: "ಅಕ್ಕಾ, ನೀನು ಹೋದಲ್ಲೆಲ್ಲ ನಾನು ಹಿಂದೆ ಹಿಂದೆ ಬರಬೇಕು. ಎಲ್ಲಿಗೆ ಹೋಗೋಣ ಅಂತ ಒಂದು ದಿನವಾದರೂ ನನ್ನನ್ನ ಕೇಳಿದ್ದೀಯಾ? ನನಗೆ ಸ್ವಾತಂತ್ರ್ಯ ಬೇಕು!"

"ಹಾಗಂದರೇನೋ?" ಅಂದಳು ಹಲ್ಲಿ.

ಬಾಲಕ್ಕೂ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಬೇಕೇ ಬೇಕು ಅಂತ ಹಟ ಹಿಡಿಯಿತು, ಪುಟ್ಟೀ, ಮೊನ್ನೆ ನೀನು ಅಂಗಡಿ ಮುಂದೆ ಹಿಡಿದೆಯಲ್ಲ, ಹಾಗೆ. ಸರಿ, ತಿಳಿದವರನ್ನು ಕೇಳೋಣ ಅಂತ ಇಬ್ಬರೂ ಹೊರಟರು. ಹಲ್ಲಿ ಮುಂದೆ, ಬಾಲ ಹಿಂದೆ.

"ಯಾರನ್ನೂ ಕೇಳದೆ ಎಲ್ಲಿಗೆ ಬೇಕಾದರೂ ಹೋಗೋದು" ಅಂದಿತು ಗಾಳಿ. ಮಾತು ಮುಗಿಯುವ ಮೊದಲೇ ಹೊರಟುಹೋಗಿತ್ತು.

"ಆ ಅಲೆಮಾರಿಯ ಮಾತು ಕಟ್ಟಿಕೊಳ್ಳಬೇಡಿ" ಅಂದಿತು ಹುಣಸೆಮರ. "ಸ್ವಂತ ಕಾಲ ಮೇಲೆ ನಿಲ್ಲೋದೇ ಸ್ವಾತಂತ್ರ್ಯ. ನಾನು ನಿಂತಿಲ್ಲವಾ?"

ಬಾಲ ತನ್ನನ್ನು ತಾನು ಬುಡದಿಂದ ತುದಿಯವರೆಗೆ ನೋಡಿಕೊಂಡಿತು. ಒಂದು ಕಾಲೂ ಇಲ್ಲ. ಇದ್ದ ನಾಲ್ಕೂ ಅಕ್ಕನ ಪಾಲಾಗಿದ್ದವು. ಪಾಪ, ಅದಕ್ಕೆ ಅಳುವೇ ಬಂತು.

"ನನ್ನ ದಾರಿ ನಾನೇ ತೋಡಿಕೊಳ್ಳೋದು" ಅಂದಳು ನದಿ.

"ಹಾಗಾದರೆ ಈ ಎರಡು ದಡ ಯಾಕಮ್ಮಾ?" ಅಂತ ಹಲ್ಲಿ ಕೇಳಿದಳು. ನದಿ ಕೇಳಿಸಿಯೇ ಇಲ್ಲ ಅನ್ನುವ ಹಾಗೆ ಮುಂದೆ ಹರಿದಳು.

ಬಿಸಿಲು ಕಾಯುವ ಬಂಡೆಯ ಮೇಲೆ ಬೆಕ್ಕು ಮುಖ ತೊಳೆದುಕೊಳ್ಳುತ್ತಿತ್ತು. "ಸ್ವಾತಂತ್ರ್ಯವಾ? ಹಸಿವಾದಾಗ ಎದುರಿಗೆ ಸಿಕ್ಕಿದ್ದನ್ನ ತಿನ್ನೋದು."

"ಈಗ ಹಸಿವಾಗಿದೆಯಾ?" ಅಂದಳು ಹಲ್ಲಿ.

"ಆಗಿದೆ" ಅಂದಿತು ಬೆಕ್ಕು. ಅಂದದ್ದೇ ತಡ, ಹಾರಿ ಬಾಲದ ಮೇಲೆ ಪಂಜ ಊರಿತು.

ಹಲ್ಲಿ ನಾಲ್ಕೂ ಕಾಲಿನ ಬಲ ಹಾಕಿ ಎಳೆದಳು. ಕದಲಲಿಲ್ಲ. ಬೆಕ್ಕು ಬಾಯಿ ತೆರೆಯಿತು.

"ನನ್ನನ್ನ ಬಿಟ್ಟು ಓಡು, ಅಕ್ಕಾ!"

"ಹುಟ್ಟಿದಾಗಿನಿಂದ ಜೊತೆಗಿದ್ದವನನ್ನ ಹೇಗೋ ಬಿಡಲಿ?"

"ಇವತ್ತೊಂದು ದಿನವಾದರೂ ನನ್ನ ಮಾತು ಕೇಳೇ!"

ಹಾಗೆಂದು ಬಾಲ ತಾನೇ ಕಳಚಿಕೊಂಡಿತು. ಆಮೇಲೆ ಕುಣಿಯಿತು ನೋಡು! ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು, ಬೆಕ್ಕಿನ ಮೂಗಿನ ಮುಂದೆಯೇ ಲಾಗ ಹಾಕಿತು. ಎತ್ತ ಹೋಗಲಿ ಅಂತ ಯಾರನ್ನೂ ಕೇಳಲಿಲ್ಲ. ಬೆಕ್ಕು ತಿನ್ನುವುದನ್ನೂ ಮರೆತು ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತಿತು. ಅಷ್ಟರಲ್ಲಿ ಹಲ್ಲಿ ಬಂಡೆಯ ಬಿರುಕು ಸೇರಿಕೊಂಡಿದ್ದಳು.

ಅಲ್ಲಿಂದ ಇಣುಕಿದಳು. ಕುಣಿತ ನಿಧಾನವಾಗುತ್ತಿತ್ತು.

"ಅಕ್ಕಾ, ಸ್ವಾತಂತ್ರ್ಯ ಅಂದರೇನು ಅಂತ ಈಗ ಗೊತ್ತಾಯ್ತು" ಅಂದಿತು ಬಾಲ. ಏನು ಅಂತ ಹೇಳುವ ಮೊದಲೇ ಸುಮ್ಮನಾಯಿತು. ಹಲ್ಲಿಗೆ ತಡೆಯಲಾರದಷ್ಟು ಸಂಕಟವಾಯಿತು. ಲೊಚ್, ಲೊಚ್ ಅಂತ ಮರುಗಿದಳು.

ಸ್ವಲ್ಪ ದಿನಕ್ಕೆ ಹೊಸ ಬಾಲ ಚಿಗುರಿತು. ಅದು ಬಾಯಿ ಬಿಡುವ ಮೊದಲೇ ಹಲ್ಲಿ ಕೇಳಿದಳು: "ಎಲ್ಲಿಗೆ ಹೋಗೋಣಪ್ಪಾ?"

ಅದಕ್ಕೇ ಪುಟ್ಟೀ, ಇವತ್ತಿಗೂ ಬೆಕ್ಕು ಬಂದರೆ ಹಲ್ಲಿಯ ಬಾಲ ತಾನೇ ಕಳಚಿಕೊಂಡು ಕುಣಿಯುತ್ತದೆ. ಬೆಕ್ಕಿಲ್ಲದ ಹೊತ್ತಿನಲ್ಲಿ, ಅಗೋ, ಗೋಡೆಯ ಮೇಲೆ ಓಡುತ್ತಿದ್ದ ಹಲ್ಲಿ ತಟ್ಟನೆ ನಿಂತು, ಬಾಲ ಏನು ಹೇಳುತ್ತದೋ ಅಂತ ಕಾಯುತ್ತದೆ.