ಪಳಗಿದ ಕೈ

“ಅಜ್ಜಾರೇ, ಹೋಯಿತು ಅಂದುಕೊಂಡದ್ದು ತಿರುತಿರುಗಿ ಬರುತ್ತಲೇ ಇದ್ದರೆ ಏನು ಮಾಡಬೇಕು?”

ಕೇಳಿದವನು ಮಠದ ಶಿಷ್ಯ ಚರಂತಯ್ಯ. ಕಿವಿಗೆ ಬಿದ್ದವರಿಗೆ ದೊಡ್ಡ ವೇದಾಂತದ ಪ್ರಶ್ನೆ ಅನ್ನಿಸಬೇಕು. ಅವನು ಕೇಳಿದ್ದು ತನ್ನ ಮುಖದ ಮೊಡವೆಗಳ ಮಾತು. ಮೂರು ವರ್ಷದಿಂದ ಅವು ಹಣೆ, ಕೆನ್ನೆ, ಗದ್ದ ಅಂತ ಏಳುತ್ತಿದ್ದವು, ಒಣಗುತ್ತಿದ್ದವು, ಮತ್ತೆ ಏಳುತ್ತಿದ್ದವು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅನ್ನುವಂತಾಗಿತ್ತು. ಬರುವ ಸೋಮವಾರ ಅವನು ಮೊದಲ ಸಲ ಭಕ್ತರೆದುರು ಕುಳಿತು ಪ್ರವಚನ ಹೇಳಬೇಕಿತ್ತು. ಈ ಮುಖ ಹೊತ್ತು ಅಷ್ಟು ಜನರ ಮುಂದೆ ಕೂರಲಾರೆ, ಬೇರೆ ಯಾರನ್ನಾದರೂ ಕೂರಿಸಿ ಎಂದು ಬೇಡಿಕೊಳ್ಳಲು ಬಂದವನು, ಅದನ್ನು ಹೇಳಲು ಬಾಯಿ ಬಾರದೆ ಸುತ್ತಿ ಬಳಸಿ ಕೇಳಿದ್ದ. ಅವನಿಗೆ ಸಾಕುಸಾಕಾಗಿ ಹೋಗಿತ್ತು.

ಮಠದ ಹಿರಿಯ ಸ್ವಾಮಿಗಳಾದ ಅಜ್ಜನವರು ಅವನ ಮುಖವನ್ನು ಒಮ್ಮೆ ನೋಡಿದರು. ಕಂಬಕ್ಕೆ ಒರಗಿ ಕತೆ ಶುರುಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ಹೆಂಗಸಿದ್ದಳು. ವ್ಯಾಪಾರಿಯೊಬ್ಬನ ಅಂಗಳದಲ್ಲಿ ಕೆಂಪು ಮೆಣಸಿನಕಾಯಿಯ ತೊಟ್ಟು ಬಿಡಿಸುವುದು ಅವಳ ಕೆಲಸ. ಆ ಕೆಲಸಕ್ಕೆ ಹೊಸಬರು ಬಂದರೆ ಕೈ ಧಗಧಗ ಉರಿಯುತ್ತದೆ. ಒಂದು ಸುಗ್ಗಿ ಕಳೆಯುವ ಹೊತ್ತಿಗೆ ಉರಿ ನಿಲ್ಲುತ್ತದೆ. ಆಗ ಉಳಿದ ಹೆಂಗಸರು, ‘ಇನ್ನೇನು, ನಿನ್ನ ಕೈ ಪಳಗಿತು’ ಅನ್ನುತ್ತಾರೆ. ಇವಳದೂ ಪಳಗಿ ನಾಲ್ಕು ವರ್ಷವಾಗಿತ್ತು. ಸಂಜೆ ಎರಡು ಚೊಂಬು ನೀರು ಸುರಿದುಕೊಂಡರೆ ಕೈ ಶುದ್ಧವಾಯಿತು ಎಂದೇ ಅವಳ ನಂಬಿಕೆ.

ಅವಳ ಮುಖದಲ್ಲಿ ಮೊಡವೆ ಎದ್ದವು. ಊರಿನಲ್ಲಿ ಔಷಧ ಹೇಳುವವರಿಗೆ ಬರವೇ? ಒಬ್ಬಳು ಬೇವು ಹಚ್ಚು ಅಂದಳು, ಇನ್ನೊಬ್ಬಳು ಅರಿಸಿನ ಅಂದಳು, ಮತ್ತೊಬ್ಬಳು ಜಾಜಿಕಾಯಿ ತೇದು ಬಳಿ ಅಂದಳು. ಹೇಳುವವರಿಗೇನು, ಉರಿಯುವ ಮುಖ ಅವರದಲ್ಲವಲ್ಲ. ಇವಳು ಎಲ್ಲವನ್ನೂ ಹಚ್ಚಿದಳು. ಇವತ್ತು ಹಚ್ಚಿದ್ದಕ್ಕೆ ನಾಳೆಯೇ ಗುಣ ಕಾಣಬೇಕು. ಆದ್ದರಿಂದ ದಿನಕ್ಕೆ ಹತ್ತಾರು ಸಲ ಮುಟ್ಟಿ ನೋಡುವಳು, ತೊಟ್ಟು ಬಿಡಿಸುವ ನಡುವೆಯೂ ಮುಟ್ಟಿ ನೋಡುವಳು. ಮೊಡವೆಯ ಸುತ್ತಲಿನ ಚರ್ಮವೆಲ್ಲ ಕೆಂಪೇರಿ ಸಿಪ್ಪೆ ಎದ್ದಿತು. ಔಷಧ ಸಾಲಲಿಲ್ಲ ಎಂದುಕೊಂಡು ಇನ್ನಷ್ಟು ಬಳಿದಳು.

ಚರಂತಯ್ಯ ಗದ್ದದ ಗುಳ್ಳೆಯೊಂದನ್ನು ಸವರುತ್ತ ಕೇಳುತ್ತಿದ್ದ. ಹಚ್ಚಿದ್ದಕ್ಕೆಲ್ಲ ಅವನ ಮುಖವೂ ಹೀಗೇ ಸಿಪ್ಪೆ ಎದ್ದಿತ್ತು.

ಆ ಹೆಂಗಸಿಗೆ ಒಂದೂವರೆ ವರ್ಷದ ಮಗಳಿದ್ದಳು. ತನಗೆ ಬಂದದ್ದು ಮಗುವಿಗೂ ಬಂದರೆ ಏನು ಗತಿ ಎಂದು ಹೆದರಿ, ಅಂಗೈಯಲ್ಲಿ ಕಲಸಿದ ಲೇಪದಲ್ಲಿ ಚೂರು ತೆಗೆದು ಮಗುವಿನ ಕೆನ್ನೆಗೂ ಸವರತೊಡಗಿದಳು. ಮಗುವಿನ ಕೆನ್ನೆ ಕೆಂಪಾಯಿತು. ಬರಬರುತ್ತ ತಾಯಿ ಕೈ ನೀಡಿದರೆ ಸಾಕು, ಮಗು ಮುಖ ತಿರುಗಿಸಿ ಅಳುತ್ತಿತ್ತು.

ಇದನ್ನು ಕಂಡು ಅವಳ ಅತ್ತೆ ಮಗುವನ್ನು ಎತ್ತಿಕೊಂಡು ಪಕ್ಕದೂರಿನ ತನ್ನ ಮಗಳ ಮನೆಗೆ ಹೋದಳು. ಎಂಟೇ ದಿನದಲ್ಲಿ ಕೆನ್ನೆ ತಿಳಿಯಾಯಿತು. ‘ನಿನ್ನ ಮುಖದ್ದು ಅಂಟುರೋಗ. ವಾಸಿಯಾಗುವವರೆಗೆ ಮಗುವನ್ನು ಕೇಳಬೇಡ’ ಎಂದು ಹೇಳಿ ಕಳಿಸಿದಳು. ಹೆಂಗಸು ಎದುರಾಡಲಿಲ್ಲ. ಅವಳಿಗೂ ಹಾಗೇ ಅನ್ನಿಸಿತ್ತು. ತನ್ನ ಮುಖವೇ ಮಗುವಿಗೆ ವಿಷವಾಯಿತಲ್ಲ ಎಂದು ಸೆರಗು ಮುಚ್ಚಿಕೊಂಡು ಅತ್ತಳು. ಅಳುವಾಗ ಕಣ್ಣು ಒರೆಸಿಕೊಂಡಿದ್ದೂ ಅದೇ ಕೈಯಲ್ಲಿ.

ಕೊನೆಗೆ ನಾಟಿ ಔಷಧ ಕೊಡುವ ಒಬ್ಬ ಮುದುಕಿಯ ಹತ್ತಿರ ಹೋದಳು. ಮುದುಕಿ ಮುಖ ನೋಡಿದಳು. ಏನು ಕೆಲಸ ಮಾಡುತ್ತೀಯವ್ವ ಎಂದು ಕೇಳಿದಳು. ಆಮೇಲೆ ಒಂದು ಉಂಡೆ ಬೆಣ್ಣೆ ಕೊಟ್ಟು ಅಂಗೈಯಲ್ಲಿ ಉಜ್ಜು ಅಂದಳು. ಉಜ್ಜಿದ ಬೆಣ್ಣೆಯನ್ನು ಬೆರಳಲ್ಲಿ ತೆಗೆದು ತನ್ನ ನಾಲಿಗೆಗೆ ಹಚ್ಚಿಕೊಂಡಳು. ಕಣ್ಣಲ್ಲಿ ನೀರು ಬಂತು. ಹೆಂಗಸಿನ ನಾಲಿಗೆಗೂ ಹಚ್ಚಿದಳು.

‘ಪಳಗಿದ್ದು ನಿನ್ನ ಕೈಯವ್ವ, ಖಾರವಲ್ಲ,’ ಎಂದಳು ಮುದುಕಿ. ‘ದಿನಾ ಕೆಲಸ ಮುಗಿದ ಮೇಲೆ ಕೈಗೆ ಎಣ್ಣೆ ತಿಕ್ಕಿ ಕಡಲೆಹಿಟ್ಟಿನಲ್ಲಿ ತೊಳಿ. ಮುಖಕ್ಕೆ ಎರಡು ಹೊತ್ತು ತಣ್ಣೀರು ಸಾಕು. ಆ ಲೇಪ ಈ ಲೇಪ ಎಲ್ಲ ಬಿಡು. ಮುಖ ಮುಟ್ಟಬೇಡ.’

‘ಮೊಡವೆ ಹೋಗುತ್ತವೆಯೇ ಅಮ್ಮಾ?’

‘ಕೆಲವು ಹೋಗುತ್ತವೆ, ಕೆಲವು ಬರುತ್ತವೆ. ಅದು ಮೈಯ ಧರ್ಮ. ಆ ಉರಿ ಮಾತ್ರ ನೀನು ಮಾಡಿಕೊಂಡದ್ದು.’

ಎಣ್ಣೆ, ಹಿಟ್ಟು ಸುಲಭವಾಯಿತು. ಮುಟ್ಟದಿರುವುದು ಆಗಲಿಲ್ಲ. ಎಷ್ಟು ಬೇಡವೆಂದರೂ ಕೈ ತಾನಾಗಿ ಮೇಲೇಳುತ್ತಿತ್ತು. ಇಳಿಸುವಳು, ಮತ್ತೆ ಏಳುವುದು. ಇಳಿಸಿ ಇಳಿಸಿಯೇ ಅವಳು ದಣಿದಳು. ತಿಂಗಳಿಗೆ ಉರಿ ತಗ್ಗಿತು, ಸಿಪ್ಪೆ ಉದುರಿತು. ಮರುತಿಂಗಳು ಗದ್ದದಲ್ಲಿ ಮತ್ತೆ ಎರಡು ಮೊಡವೆ ಎದ್ದವು. ಇಷ್ಟಾದರೂ ಬಿಡಲಿಲ್ಲವಲ್ಲ ಎಂದು ಅವಳಿಗೆ ರೋಸಿಹೋಯಿತು. ಕೈ ಎದ್ದಿತು. ಅವಳು ಇಳಿಸಿದಳು.

ಆ ಎರಡು ಮೊಡವೆ ಇರುವಾಗಲೇ ಅವಳು ಪಕ್ಕದೂರಿಗೆ ನಡೆದುಹೋದಳು. ಅತ್ತೆ ಬಾಗಿಲಿಗೆ ಅಡ್ಡ ನಿಂತಳು. ಅತ್ತೆಯ ಕಾಲ ಸಂದಿನಿಂದ ಮಗು ಇಣುಕಿತು. ಅದು ತಾಯಿಯ ಮುಖ ನೋಡಲಿಲ್ಲ, ಕೈ ನೋಡಿತು. ತಾಯಿ ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು ಒಂದು ಬೆರಳು ಮುಂದೆ ಚಾಚಿದಳು. ಮಗು ಬಹಳ ಹೊತ್ತು ಹಾಗೇ ನಿಂತಿತ್ತು. ಆಮೇಲೆ ಬಂದು ಆ ಬೆರಳನ್ನು ಹಿಡಿದು ಬಾಯಿಗಿಟ್ಟುಕೊಂಡಿತು. ಅಳಲಿಲ್ಲ. ಅತ್ತೆ ಬಾಗಿಲಿನಿಂದ ಸರಿದಳು.

ಅಜ್ಜನವರು ಕತೆ ನಿಲ್ಲಿಸಿ ನೀರು ಕುಡಿದರು. ಚರಂತಯ್ಯನ ಮನಸ್ಸು ಇನ್ನೂ ಆ ಎರಡು ಮೊಡವೆಗಳ ಹತ್ತಿರವೇ ಇತ್ತು.

“ಆಮೇಲೆ ಅವಳ ಮುಖ ಪೂರ್ತಿ ತಿಳಿಯಾಯಿತೇ, ಅಜ್ಜಾರೇ?”

ಅಜ್ಜನವರು ತಂಬಿಗೆಯನ್ನು ಕೆಳಗಿಟ್ಟರು.

“ನಾನು ಕತೆ ಶುರುಮಾಡಿದಾಗಿನಿಂದ ನಿನ್ನ ಕೈ ಎಲ್ಲಿದೆ, ತಮ್ಮಾ?”